ಇಳಿಯಬೇಕಾದದ್ದು ಕೊಬ್ಬು, ಕಸುವಲ್ಲ

ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರುವ ಆಸೆ ಹೊತ್ತು 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಹಳ. ಮೈ ಹಗುರಾದರೆ ಓಟ ಸಲೀಸು ಎಂದು ಕೆಲವರು ರಾತ್ರಿಯೂಟವನ್ನೇ ಬಿಡುತ್ತಾರೆ. ಕಾಲೇಜು ಹುಡುಗಿಯರಲ್ಲಿ ತೆಳ್ಳಗಾಗುವ ಹಂಬಲಕ್ಕೆ ಬೆಳಗಿನ ಉಪಾಹಾರ ಬಲಿಯಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ತೂಕವೇನೋ ಇಳಿಯುತ್ತದೆ. ಆದರೆ ಇಳಿದದ್ದು ಯಾವುದು?

ತಕ್ಕಡಿಗೆ ಕೊಬ್ಬು, ಸ್ನಾಯು, ನೀರು ಎಲ್ಲವೂ ಒಂದೇ. ಊಟ ಬಿಟ್ಟ ಮೊದಲ ದಿನಗಳಲ್ಲಿ ಕಡಿಮೆಯಾಗುವ ತೂಕದಲ್ಲಿ ಹೆಚ್ಚಿನ ಪಾಲು ನೀರಿನದು. ಅರೆಹೊಟ್ಟೆ ಮುಂದುವರಿದರೆ ದೇಹ ಕೊಬ್ಬನ್ನು ಕರಗಿಸುವುದರ ಜೊತೆಗೆ ಸ್ನಾಯುವನ್ನೂ ಒಡೆದು ಬಳಸಿಕೊಳ್ಳುತ್ತದೆ. ಓಡಲು ಬೇಕಾದ ಕಾಲಿನ ಬಲವೇ ಹೀಗೆ ಸೋರಿಹೋಗುತ್ತದೆ.

ತೂಕವೊಂದೇ ಅಳತೆಯಲ್ಲ ಎಂಬುದಕ್ಕೆ ಒಂದು ಸ್ವಾರಸ್ಯಕರ ನಿದರ್ಶನವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಹೋಲಿಸಿಕೊಂಡು ಬರೆದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕ್ ದೇಹದಲ್ಲಿ ಶೇ 21.2! ನೋಡಲು ತೆಳ್ಳಗಿದ್ದರೂ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದು ಭಾರತೀಯರಲ್ಲಿ ಸಾಮಾನ್ಯ. ಇಂಥವರು ಬರೀ ಉಪವಾಸ ಮಾಡಿದರೆ ಇದ್ದ ಸ್ನಾಯುವಿಗೂ ಸಂಚಕಾರ.

ಮೂರು ಸೂತ್ರ

ಮೊದಲನೆಯದು ನಿಧಾನ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು. ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿ, ಸಕ್ಕರೆ ಹಾಕಿದ ನಾಲ್ಕಾರು ಕಪ್ಪು ಚಹಾ, ಬಾಟಲಿ ಪಾನೀಯಗಳನ್ನು ಕಡಿಮೆ ಮಾಡಿದರೆ ಊಟ ಬಿಡುವ ಪ್ರಮೇಯವೇ ಬಾರದು.

ಎರಡನೆಯದು ಸ್ನಾಯುವಿಗೆ ಕೆಲಸ. ದುಡಿಯುವ ಸ್ನಾಯುವನ್ನು ದೇಹ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗರಡಿಮನೆಯ ದಂಡ, ಬೈಠಕ್, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರ ಸಾಧನೆ, ಎಲ್ಲವೂ ಇದೇ ಜಾತಿಯ ವ್ಯಾಯಾಮಗಳು. ಓಟದ ಜೊತೆ ವಾರಕ್ಕೆ ಎರಡು ಮೂರು ದಿನ ಇಂಥ ಕಸರತ್ತು ಬೇಕು.

ಮೂರನೆಯದು ಪ್ರೋಟೀನ್. ವಯಸ್ಕರಿಗೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. 60 ಕೆ.ಜಿ. ತೂಗುವವರಿಗೆ ಇದು ಸುಮಾರು 50 ಗ್ರಾಂ. 250 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 25, 60 ಗ್ರಾಂ ತೊಗರಿಬೇಳೆಯಿಂದ 13, ಒಂದು ದೊಡ್ಡ ಬಟ್ಟಲು ಮೊಸರಿನಿಂದ 6, ಒಂದು ಮೊಟ್ಟೆಯಿಂದ 6 ಗ್ರಾಂ ಸಿಕ್ಕರೆ ಲೆಕ್ಕ ಮುಗಿಯಿತು! ಕಸರತ್ತು ಮಾಡುತ್ತ ತೂಕ ಇಳಿಸುವವರಿಗೆ ಇನ್ನಷ್ಟು ಬೇಕು. ಮೊಳಕೆ ಹೆಸರು, ಪುಟಾಣಿ, ಇನ್ನೊಂದು ಮೊಟ್ಟೆ ಅದನ್ನು ತುಂಬಿಕೊಡುತ್ತವೆ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಅಂಶ ತೊಗರಿಯಲ್ಲಿ ಹೇರಳ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಈ ರೊಟ್ಟಿಗೆ ಹೇಳಿ ಮಾಡಿಸಿದ ಜೋಡಿ. ಶೇಂಗಾ ಹಿಂಡಿಯೂ ಒಳ್ಳೆಯದೇ, ಆದರೆ ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ ಎಂಬುದು ನೆನಪಿರಲಿ. ಉಪವಾಸದ ದಿನದ ಸಾಬೂದಾಣಿಯಲ್ಲಿ ಪಿಷ್ಟ ಬಿಟ್ಟರೆ ಬೇರೇನೂ ಇಲ್ಲವೆನ್ನಬಹುದು. ಅಂದು ಹಾಲು, ಮೊಸರು ಜೊತೆಗಿರಲಿ.

ನಿದ್ದೆಯನ್ನೂ ಕಡೆಗಣಿಸುವಂತಿಲ್ಲ. ಊಟ ಕಡಿಮೆ ಮಾಡಿದವರು ನಿದ್ದೆಗೆಟ್ಟರೆ ಕೊಬ್ಬಿಗಿಂತ ಸ್ನಾಯುವೇ ಹೆಚ್ಚು ಕರಗುತ್ತದೆಂದು ಷಿಕಾಗೊದಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನವೊಂದು ತೋರಿಸಿತು.

ಪಾಲಕರಿಗೆ ಕಿವಿಮಾತು

ಅವಸರ ಅಪಾಯಕಾರಿ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಪ್ರಾಣ ಕಳೆದುಕೊಂಡರು. ತೂಕದ ವರ್ಗಕ್ಕೆ ಹೊಂದಿಕೊಳ್ಳಲು ಅವರು ಬೆವರಿಳಿಸಿ ಮೈಯ ನೀರನ್ನೇ ಹಿಂಡಿ ತೆಗೆದಿದ್ದರು. ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿಗೂ ಮರುಳಾಗಬೇಕಿಲ್ಲ. ಅದು ಬೇಡವೆಂದೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹದಿನೆಂಟು ತುಂಬದ ಮಕ್ಕಳು ಇನ್ನೂ ಬೆಳೆಯುವವರು. ವೈದ್ಯರನ್ನು ಕೇಳದೆ ಅವರ ತಾಟಿನಿಂದ ರೊಟ್ಟಿ ತೆಗೆಯಬಾರದು. ಕರಿದ ತಿಂಡಿ ಕಡಿಮೆಯಾಗಲಿ, ಆಟ ಹೆಚ್ಚಲಿ. ಮಗ ಎಷ್ಟು ಕೆ.ಜಿ. ಇಳಿದ ಎಂದು ಕೇಳುವ ಬದಲು ಎಷ್ಟು ಬೈಠಕ್ ಹೊಡೆದ, ಎಷ್ಟು ಹೊತ್ತು ಮಲಗಿದ ಎಂದು ಕೇಳುವುದು ಮೇಲು.