‘ಫಾರ್ಮ್ಯಾಟ್ ಹೊಡಿಸಿಬಿಡ್ರಿ’ ಎನ್ನುವ ಮುನ್ನ

ಕೆಲಸದ ನಡುವೆಯೇ ಲ್ಯಾಪ್‌ಟಾಪ್ ಆಫ್ ಆಗುತ್ತದೆ. ಆನ್ ಮಾಡಿದರೆ ನೀಲಿ ಪರದೆ. ಎರಡು ಮೂರು ಸಲ ಹೀಗಾದ ಮೇಲೆ ವಿಂಡೋಸ್ ತಾನಾಗಿಯೇ ರಿಕವರಿಗೆ ಹೋಗುತ್ತದೆ. ರಿಸೆಟ್ ಒತ್ತಿದರೆ ಅರ್ಧಕ್ಕೆ ನಿಂತು, ಆಗಲಿಲ್ಲವೆಂದು ಕೈಚೆಲ್ಲುತ್ತದೆ. ರಾಯಚೂರಿರಲಿ, ದೇವದುರ್ಗ, ಮಾನ್ವಿ ಇರಲಿ, ಆಗ ಸಿಗುವ ಸಲಹೆ ಒಂದೇ: ‘ಫಾರ್ಮ್ಯಾಟ್ ಹೊಡಿಸಿಬಿಡ್ರಿ.’

ಅವಸರ ಬೇಡ. ರಿಕವರಿಗೆ ಬೇಕಾದ ಫೈಲುಗಳು ಸಾಮಾನ್ಯವಾಗಿ ಇರುವುದು ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ. ಡಿಸ್ಕೇ ಕೆಟ್ಟಿದ್ದರೆ ರಿಸೆಟ್ ಆಗುವುದಾದರೂ ಹೇಗೆ? ಮತ್ತೆ ಮತ್ತೆ ಒತ್ತಿದಷ್ಟೂ ಇರುವ ಫೈಲುಗಳಿಗೇ ಅಪಾಯ. ವಿಂಡೋಸನ್ನು ಯಾವಾಗ ಬೇಕಾದರೂ ಹಾಕಿಸಬಹುದು. ಪದವಿ ವಿದ್ಯಾರ್ಥಿಯ ಪ್ರಾಜೆಕ್ಟು, ಅಡತಿ ಅಂಗಡಿಯ ಲೆಕ್ಕ, ಮನೆಯ ಮದುವೆ ಫೋಟೊ ಹೋದರೆ ಹೋದವೇ. ಹಾಗಾಗಿ ಮೊದಲ ಕೆಲಸ ಡೇಟಾ ಹೊರತೆಗೆಯುವುದು. ಉಬುಂಟುವಿನಂಥ ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಚಾಲೂ ಮಾಡಿದರೆ, ಒಳಗಿನ ವಿಂಡೋಸ್ ಮುಟ್ಟದೆಯೇ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಬಹುದು. ಡಿಸ್ಕೇ ಕಾಣಿಸದಿದ್ದರೆ ಅಥವಾ ಟಕ್ ಟಕ್ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ರಿಕವರಿ ಬಲ್ಲವರಿಗೆ ಒಪ್ಪಿಸಬೇಕು.

ಡಿಸ್ಕು ಸರಿಯಿದ್ದೂ ಯಂತ್ರ ಆರಿಹೋಗುವುದುಂಟು. ರಾಯಚೂರು ಜಿಲ್ಲೆಯಲ್ಲಿ ಬಿಸಿಲನ್ನು ಮೊದಲು ಅನುಮಾನಿಸಬೇಕು. ಅನೇಕ ಕಂಪನಿಗಳು ಲ್ಯಾಪ್‌ಟಾಪ್ ಬಳಕೆಗೆ ಹೇಳುವ ಸುತ್ತಲಿನ ಉಷ್ಣತೆ 35 ಡಿಗ್ರಿವರೆಗೆ ಮಾತ್ರ. ರಾಯಚೂರಿನ ಏಪ್ರಿಲ್, ಮೇ 40 ದಾಟುತ್ತವೆ. ಮೇಲೆ ಹತ್ತಿಯ ಎಳೆ, ಅಕ್ಕಿ ಗಿರಣಿಯ ದೂಳು. ಹಿಂಬದಿ ಬಿಚ್ಚಿದರೆ ಫ್ಯಾನಿಗೂ ತಾಮ್ರದ ಕೊಳವೆಯ ತುದಿಯಲ್ಲಿರುವ ತೆಳು ಪಟ್ಟಿಗಳಿಗೂ ನಡುವೆ ಬೂದು ಬಣ್ಣದ ದೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಗಾಳಿ ಹೊರಬರುವುದಿಲ್ಲ. ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋದಾಗ ವೇಗ ತಗ್ಗಿಸುತ್ತದೆ, ಅದೂ ಸಾಲದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ದೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಎಷ್ಟೋ ಯಂತ್ರಗಳು ಸುಧಾರಿಸುತ್ತವೆ. ಅಲ್ಲಿಯೇ ರ‍್ಯಾಮ್ ತೆಗೆದು ಮತ್ತೆ ಕೂರಿಸಿ ನೋಡುವುದೂ ಒಳ್ಳೆಯದು.

ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ ಎಲ್ಲ ಕುಸಿದದ್ದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡ್‌ನಲ್ಲಿ ತೆರೆದು ಒಂದು ಫೈಲ್ ಅಳಿಸಿದರೆ ಸಾಕಿತ್ತು. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನದೇ ಅಪ್‌ಡೇಟ್ ಒಂದು ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಕೆಲಸ ಮಾಡದಂತೆ ಮಾಡಿತ್ತು. ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಲಾಯಿತು.

ಕ್ರೌಡ್‌ಸ್ಟ್ರೈಕ್ ಹೊತ್ತಿನಲ್ಲಿ ಬಹಳ ಕಡೆ ಕೆಲಸ ತಡೆದದ್ದು ಬಿಟ್‌ಲಾಕರ್ ಎಂಬ ವಿಂಡೋಸಿನ ಡಿಸ್ಕ್ ಬೀಗ. ಡಿಸ್ಕಿಗೆ ಅದರ ಬೀಗವಿದ್ದರೆ 48 ಅಂಕೆಯ ಕೀ ಇಲ್ಲದೆ ಲಿನಕ್ಸ್ ಪೆನ್‌ಡ್ರೈವ್‌ನಿಂದಲೂ ಫೈಲು ಸಿಗದು. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಈ ಬೀಗ ಬಿದ್ದಿರುತ್ತದೆ. ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ಹುಡುಕಿ ಪುಸ್ತಕದಲ್ಲಿ ಬರೆದಿಡಬೇಕು, ಖಾತೆಯ ಪಾಸ್‌ವರ್ಡ್ ಮರೆಯುವ ಮೊದಲು.