ಒಂಟಿ ಬೆಕ್ಕಿಗೆ ಜೊತೆ ಬೇಕಾ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ

ಮೇ ಕೊನೇ ವಾರ ಖಾನಾಪುರದ ಚಿಗವ್ವನ ಮನೆಗೆ ಹೋಗಿದ್ದೆ. ಹಿತ್ತಲಿನ ಕಟ್ಟಿಗೆ ರಾಶಿ ಹಿಂದೆ ಬೆಕ್ಕು ಮೂರು ಮರಿ ಹಾಕಿತ್ತು. ಎರಡಕ್ಕೆ ಅದೇ ಓಣಿಯಲ್ಲಿ ಮನೆ ಸಿಕ್ಕಿತ್ತು. ಉಳಿದದ್ದು ಒಂದು ಬೂದು ಮರಿ.

"ಇದನ್ನ ನೀ ಒಯ್ಯೋ ತಮ್ಮಾ. ನಿನ್ನ ಬೆಕ್ಕ ಒಂದ ಕುಂತ ಕುಂತ ಮಂಕ ಆಗೇತಿ. ಅದಕ್ಕೂ ಜೋಡಿ ಆತು, ಇದಕ್ಕೂ ಮನಿ ಆತು" ಅಂದಳು ಚಿಗವ್ವ.

ಮಳೆ ಹಿಡಿಯೋ ಮೊದಲು ಏನಾದರೂ ತೀರ್ಮಾನ ಆಗಬೇಕಿತ್ತು. ಯಾರೂ ಒಯ್ಯದ ಮರಿಯನ್ನು ಚೀಲಕ್ಕೆ ಹಾಕಿ ದೂರ ಬಿಟ್ಟು ಬರೋದು ನಮ್ಮ ಊರುಗಳ ಹಳೇ ಪದ್ಧತಿ.

ನನ್ನ ಬೆಕ್ಕಿನ ಹೆಸರು ಬಿಜ್ಲಿ. ನಾಲ್ಕು ವರ್ಷದ ಹೆಣ್ಣು, ಸಂತಾನಹರಣ ಆಗಿದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ಹಾಕಿದರೆ ನಾನು ಮತ್ತೆ ತೆಗೆಯೋದು ರಾತ್ರಿ ಎಂಟಕ್ಕೆ. ಅದು ಕಿಟಕಿಯಲ್ಲಿ ಕೂತಿರೋದು ಕಂಡಾಗಲೆಲ್ಲ ನನಗೆ ತಪ್ಪಿತಸ್ಥನ ಭಾವ. ಊರು ಬಿಟ್ಟು ಬಂದು ಒಂದೇ ಬೆಕ್ಕಿನ ಜೊತೆ ಬದುಕುತ್ತಿರುವ ನಿಮ್ಮಲ್ಲಿ ಹಲವರಿಗೂ ಹೀಗೇ ಆಗಿರುತ್ತದೆ.

ವಿಟಿಯು ಡಿಗ್ರಿಯಿಂದ ನನ್ನಲ್ಲಿ ಉಳಿದಿರೋ ಪಾಠ ಒಂದೇ: ದೋಷ ಎಲ್ಲಿದೆ ಅಂತ ತಿಳಿಯದೆ ಹೊಸ ಬಿಡಿಭಾಗ ಜೋಡಿಸಬೇಡ. ಬೆಕ್ಕಿನ ವಿಷಯದಲ್ಲೂ ಅಲ್ಲಿಂದಲೇ ಶುರು ಮಾಡಿದೆ.

ಬೆಕ್ಕು ಗುಂಪಿನ ಪ್ರಾಣಿಯಾ?

ಸಾಕುಬೆಕ್ಕಿನ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂದು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಡಿಎನ್‌ಎ ಅಧ್ಯಯನ ತೋರಿಸಿತು. ಆ ಕಾಡುಬೆಕ್ಕು ಒಂಟಿ ಬೇಟೆಗಾರ. ಕಾರಣ ಸರಳ: ಒಂದು ಇಲಿ ಒಂದೇ ಹೊಟ್ಟೆಗೆ ಸಾಕಾಗುತ್ತದೆ, ಹಂಚಿಕೊಳ್ಳೋಕೆ ಏನೂ ಉಳಿಯೋದಿಲ್ಲ. ತೋಳ ಹಾಗಲ್ಲ, ಗುಂಪು ಕಟ್ಟಿ ದೊಡ್ಡ ಪ್ರಾಣಿಯನ್ನು ಉರುಳಿಸುತ್ತದೆ. ನಾಯಿ ಬಂದಿದ್ದು ಆ ವಂಶದಿಂದ. ನಾಯಿಯ ಒಂಟಿತನದ ಅಳತೆಗೋಲನ್ನು ಬೆಕ್ಕಿಗೆ ಹಿಡಿಯೋದೇ ಮೊದಲ ತಪ್ಪು.

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಚಿರತೆ ಓಡಾಡಿದ್ದು ನೆನಪಿದೆಯಲ್ಲ? ಶಾಲೆಗಳಿಗೆ ರಜೆ ಕೊಟ್ಟರು, ಹುಡುಕೋಕೆ ಆನೆ ತರಿಸಿದರು. 'ಪಾಪ, ಅದಕ್ಕೊಂದು ಜೊತೆ ಬೇಕು' ಅಂತ ಯಾರಿಗೂ ಅನ್ನಿಸಲಿಲ್ಲ.

ಆದರೆ ಕಥೆ ಇಷ್ಟೇ ಅಲ್ಲ. ಆಹಾರ ಒಂದೇ ಕಡೆ ಧಾರಾಳವಾಗಿ ಸಿಗುವಲ್ಲಿ ಬೆಕ್ಕುಗಳು ಗುಂಪಾಗಿ ಬದುಕುತ್ತವೆ. ಮೀನು ಮಾರುಕಟ್ಟೆಯಲ್ಲಿ, ದನದ ಕೊಟ್ಟಿಗೆಯಲ್ಲಿ ನೀವೂ ನೋಡಿರ್ತೀರಿ. ಇಂಥ ಗುಂಪಿನ ತಿರುಳು ಸಾಮಾನ್ಯವಾಗಿ ತಾಯಿ, ಮಗಳು, ಅಕ್ಕ-ತಂಗಿ. ಒಬ್ಬರ ಮರಿಗೆ ಇನ್ನೊಬ್ಬರು ಹಾಲು ಕೊಡೋದೂ ಉಂಟು. ಅಂದರೆ ಬೆಕ್ಕಿಗೆ ಸ್ನೇಹ ಗೊತ್ತು. ಆದರೆ ಅದರ ಲೆಕ್ಕದಲ್ಲಿ ಬಂಧು ಬೇರೆ, ಬುಟ್ಟಿಯಲ್ಲಿ ಬಂದಿಳಿದ ಅಪರಿಚಿತ ಬೇರೆ.

ಬೇಜಾರೋ, ಕಾಯಿಲೆಯೋ?

ಬಿಜ್ಲಿ ಹೊಟ್ಟೆಯ ಕೂದಲು ಉದುರುವಷ್ಟು ನೆಕ್ಕಿಕೊಳ್ಳುತ್ತಿತ್ತು. ನಡುರಾತ್ರಿ ಕೂಗುತ್ತಿತ್ತು. ಒಂಟಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂದುಕೊಂಡೆ. ಪಶುವೈದ್ಯರು ಬಾಚಣಿಗೆ ಆಡಿಸಿ ತೋರಿಸಿದ್ದು ಚಿಗಟ. ಅಲರ್ಜಿಗೆ ಔಷಧಿ ಕೊಟ್ಟರು, ಕೂದಲು ಬಂತು. ರಾತ್ರಿಯ ಕೂಗಿಗೆ ಬೇರೆ ಮದ್ದು ಸಿಕ್ಕಿತು: ಮಲಗುವ ಮುನ್ನ ಹದಿನೈದು ನಿಮಿಷ ಕೋಲಿಗೆ ದಾರ ಕಟ್ಟಿ ಬೇಟೆಯಾಟ, ಆಮೇಲೆ ಊಟ. ಬೇಟೆ, ಊಟ, ನಿದ್ದೆ ಬೆಕ್ಕಿನ ಸಹಜ ಸರಣಿ. ಒಂದು ವಾರದಲ್ಲಿ ಕೂಗು ಬಹುತೇಕ ನಿಂತಿತು.

ಅಂದರೆ ನಾನು ಒಂಟಿತನ ಅಂದುಕೊಂಡಿದ್ದರಲ್ಲಿ ಅರ್ಧ ಚಿಗಟ, ಇನ್ನರ್ಧ ನನ್ನ ಸೋಮಾರಿತನ. ಆಗಲೇ ಮರಿ ತಂದಿದ್ದರೆ ಮೊದಲ ದಿನವೇ ಅದಕ್ಕೂ ಚಿಗಟ ಹತ್ತುತ್ತಿತ್ತು.

ಸ್ವಿಟ್ಜರ್ಲೆಂಡ್‌ನ 2008ರ ಪ್ರಾಣಿ ಸಂರಕ್ಷಣಾ ನಿಯಮ ಇಲ್ಲಿ ನೆನಪಿಸಿಕೊಳ್ಳಬೇಕು. ಗಿನಿ ಇಲಿಯಂಥ ಸಂಘಜೀವಿಯನ್ನು ಒಂಟಿಯಾಗಿ ಸಾಕುವಂತಿಲ್ಲ ಎನ್ನುತ್ತದೆ ಆ ನಿಯಮ. ಒಂಟಿ ಬೆಕ್ಕಿನ ಬಗ್ಗೆ ಮಾತ್ರ ಹೀಗಿದೆ: ಅದಕ್ಕೆ ದಿನಾ ಮನುಷ್ಯರ ಒಡನಾಟ ಇರಬೇಕು, ಅಥವಾ ಬೇರೆ ಬೆಕ್ಕುಗಳು ಕಣ್ಣಿಗೆ ಕಾಣುವಂತಿರಬೇಕು. ಆ 'ಅಥವಾ' ಮುಖ್ಯ. ಎರಡನೇ ಬೆಕ್ಕು ಕಡ್ಡಾಯವಲ್ಲ, ನಿಮ್ಮ ಸಮಯ ಕಡ್ಡಾಯ.

ಜೊತೆ ತರೋದೇ ಆದರೆ

ಕೆಲವು ಕಡೆ ಜೊತೆ ಒಳ್ಳೆಯದೇ. ವರ್ಷ ತುಂಬದ ಬೆಕ್ಕು, ಆಟಕ್ಕೆ ನಿಮ್ಮ ಕೈಕಾಲನ್ನೇ ಹಿಡಿಯೋದು, ಮೊದಲು ಬೇರೆ ಬೆಕ್ಕಿನ ಜೊತೆ ಬೆಳೆದದ್ದು: ಇವು ಅನುಕೂಲದ ಲಕ್ಷಣ. ಸಾಕೋಕೆ ಹೊಸದಾಗಿ ಶುರು ಮಾಡುವವರು ಒಂದೇ ಸೂಲಿನ ಎರಡು ಮರಿ ತಂದರೆ ಇನ್ನೂ ಉತ್ತಮ. ಕಿಟಕಿಯಾಚೆಯ ಬೆಕ್ಕು ಕಂಡರೇ ಬುಸುಗುಡುವ ಹಿರಿಯ ಬೆಕ್ಕಿನ ಮುಂದೆ ಪುಂಡ ಮರಿ ತಂದಿಳಿಸೋದು ಇಬ್ಬರಿಗೂ ಶಿಕ್ಷೆ.

ತರುವ ಮೊದಲು ಮೂರು ವಿಷಯ ತಿಳಿದಿರಲಿ.

ಮೊದಲನೆಯದು ಸೋಂಕು. ಪ್ಯಾನ್‌ಲ್ಯುಕೊಪೀನಿಯಾ ವೈರಸ್ ಮರಿಗಳನ್ನು ಬೇಗ ಕೊಲ್ಲುತ್ತದೆ, ಮನೆಯೊಳಗೆ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ಹಳೇ ಬೆಕ್ಕಿನ ಲಸಿಕೆ ಮುಗಿದಿರಬೇಕು, ಹೊಸದು ಎರಡು ವಾರ ಪ್ರತ್ಯೇಕ ಕೋಣೆಯಲ್ಲಿರಬೇಕು. ಪ್ರತ್ಯೇಕ ಕೋಣೆ ಇಲ್ಲದವರಿಗೆ ಉತ್ತರ ಇಲ್ಲೇ ಸಿಕ್ಕಂತೆ.

ಎರಡನೆಯದು ಪರಿಚಯ. ಮೊದಲು ವಾಸನೆ: ಒಂದನ್ನು ಒರೆಸಿದ ಬಟ್ಟೆ ಇನ್ನೊಂದರ ಹತ್ತಿರ. ಆಮೇಲೆ ಮುಚ್ಚಿದ ಬಾಗಿಲಿನ ಎರಡು ಕಡೆ ಊಟ. ಆಮೇಲೆ ಜಾಲರಿಯಾಚೆಯಿಂದ ನೋಟ. ಕೊನೆಗೆ ಐದೈದು ನಿಮಿಷದ ಭೇಟಿ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಎರಡು ಬೆಕ್ಕಿಗೆ ಮೂರು ಲಿಟರ್ ಟ್ರೇ, ಬೇರೆ ಬೇರೆ ಊಟದ ಜಾಗ.

ಮೂರನೆಯದು ಸದ್ದಿಲ್ಲದ ಜಗಳ. ಕಚ್ಚಾಟ ಇಲ್ಲ ಅಂದರೆ ಹೊಂದಿಕೊಂಡಿವೆ ಅಂತಲ್ಲ. ಒಂದು ಬಾಗಿಲಲ್ಲೇ ಕೂತು ದಾರಿ ಅಡ್ಡಗಟ್ಟುತ್ತದೆ, ಇನ್ನೊಂದು ಕಪಾಟಿನ ಮೇಲೇ ಬದುಕು ಸವೆಸುತ್ತದೆ. ಇಂಥ ಒತ್ತಡದಿಂದ ಮೂತ್ರಕೋಶದ ಉರಿಯೂತವೂ ಬರಬಹುದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಅದು ತುರ್ತು ಪರಿಸ್ಥಿತಿ.

ಹಾಗಾದರೆ ಆ ಬೂದು ಮರಿ?

ನಿಜವಾದ ಇಕ್ಕಟ್ಟು ಇದೇ. ಮರಿಗೆ ಮನೆ ಬೇಕು ಅನ್ನೋದು ಒಂದು ಪ್ರಶ್ನೆ, ಬಿಜ್ಲಿಗೆ ಜೊತೆ ಬೇಕಾ ಅನ್ನೋದು ಇನ್ನೊಂದು. ಚಿಗವ್ವ ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದ್ದಳು, ಪ್ರೀತಿಯಿಂದಲೇ.

ಹಸಿವು ಬಾಯಾರಿಕೆಗೆ ತುತ್ತಾಗುವಂತೆ ಪ್ರಾಣಿಯನ್ನು ಬಿಟ್ಟುಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮಸಾಲೆ ದೋಸೆಗಿಂತ ಅಗ್ಗದ ಅಪರಾಧ. ಈ ಕಾನೂನನ್ನು ನಂಬಿ ಯಾವ ಮರಿಯೂ ಬದುಕೋದಿಲ್ಲ, ನಾವೇ ಏನಾದರೂ ಮಾಡಬೇಕು.

ನಾನು ಮರಿಯನ್ನು ಬಿಜ್ಲಿಗೆ ಜೊತೆ ಅಂತ ತರಲಿಲ್ಲ. ಹಿಂದವಾಡಿಯ ಗೆಳತಿಯೊಬ್ಬಳ ಮನೆಯಲ್ಲಿ ಐದು ತಿಂಗಳ ಒಂದೇ ಮರಿ ಇತ್ತು, ದಿನವಿಡೀ ಅವಳ ಕಾಲು ಕಚ್ಚುತ್ತಿತ್ತು. ಅವಳ ಹತ್ತಿರ ಖಾಲಿ ಕೋಣೆಯೂ ಇತ್ತು. ಮೂರನೇ ವಾರ ಎರಡೂ ಒಂದೇ ಚಾಪೆ ಮೇಲೆ ಮಲಗಿರೋ ಫೋಟೊ ಕಳಿಸಿದಳು. ಖಾನಾಪುರದ ತಾಯಿಬೆಕ್ಕಿಗೆ ಸಂತಾನಹರಣ ಮಾಡಿಸಿದೆ. ಹೆಣ್ಣು ಬೆಕ್ಕು ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು, ಸುಮಾರು ಒಂಬತ್ತು ವಾರಕ್ಕೆ ಇನ್ನೊಂದು ಸೂಲು. ನಾನು ಒಂದು ಮರಿ ತಂದಿದ್ದರೆ ಆ ಲೆಕ್ಕ ಬದಲಾಗುತ್ತಿರಲಿಲ್ಲ.

ಈಗಲೂ ತಡವಾಗಿ ಮನೆಗೆ ಬಂದಾಗ ಬಿಜ್ಲಿ ಕಿಟಕಿಯಲ್ಲೇ ಇರುತ್ತದೆ, ನನಗೆ ಸಂಕಟವೂ ಆಗುತ್ತದೆ. ಆದರೆ ಅದು ನನ್ನ ಕೆಲಸದ ಗಂಟೆಗಳ ಸಮಸ್ಯೆ, ನಾನೇ ಬಗೆಹರಿಸಿಕೊಳ್ಳಬೇಕಾದದ್ದು. ನಾವು ಮನೆಯಲ್ಲಿಲ್ಲದ ಹೊತ್ತನ್ನು ತುಂಬೋ ಕೆಲಸಕ್ಕೆ ಇನ್ನೊಂದು ಜೀವವನ್ನು ತರಬಾರದು. ಅದಕ್ಕೂ ಅದರದೇ ಜಾಗ ಕೊಡೋಕೆ ಆದಾಗ ಮಾತ್ರ ತರಬೇಕು.