ಊರಿಗೊಂದೇ ಟಿವಿ ಇದ್ದ ಸೀಮೆಯಲ್ಲಿ

ಜಿಡಗಾ ಮಠದ ಗದ್ದುಗೆಯ ಎದುರು ನಿಂತವರಲ್ಲಿ ಕೆಲವರ ಕೈ ಮುಗಿದಿವೆ, ಕೆಲವರ ಕೈಯಲ್ಲಿ ಮೊಬೈಲ್ ಇದೆ. ಹಸಿರು ಇಳಕಲ್ ಸೀರೆಯ ತಾಯಿಯೊಬ್ಬಳು ಪುಣೆಯಲ್ಲಿ ದುಡಿಯುವ ಮಗನಿಗೆ ವಿಡಿಯೊ ಕಾಲ್ ಹಚ್ಚಿದ್ದಾಳೆ. "ಕೈ ಮುಗಿ ತಮ್ಮಾ. ಮುತ್ಯಾನ ಗದ್ದುಗಿ ಕಾಣ್ಲಾಕತ್ತದಿಲ್ಲೋ?" ಆ ಕಡೆಯಿಂದ ಬಂದ ಉತ್ತರ ಗಂಟೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಮೊಬೈಲನ್ನು ಇನ್ನಷ್ಟು ಮೇಲೆತ್ತಿ, ಗದ್ದುಗೆಯಿಂದ ಗೋಡೆಯ ಫೋಟೊಗಳವರೆಗೆ ನಿಧಾನ ತಿರುಗಿಸಿದಳು.

ಆಳಂದ ತಾಲ್ಲೂಕಿನ ಈ ಊರನ್ನು ಹೊರಗಿನವರು ಗುರುತಿಸುವುದೇ ಮಠದಿಂದ. ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಮುಗಳಖೋಡಕ್ಕೂ ಜಿಡಗಾಕ್ಕೂ ಒಂದೇ ಪರಂಪರೆ. ಯಲ್ಲಾಲಿಂಗರ ಹೆಸರು, ಸಿದ್ಧರಾಮ ಶಿವಯೋಗಿಗಳ ಹೆಸರು ಇಲ್ಲಿ ಮನೆಮನೆಯ ಹೆಸರು. ಮಹಾರಾಷ್ಟ್ರದ ಗಡಿ ಹತ್ತಿರವಿರುವುದರಿಂದ ಮಠದ ಅಂಗಳದಲ್ಲಿ ಕನ್ನಡದ ಜೊತೆ ಮರಾಠಿಯೂ ಕಿವಿಗೆ ಬೀಳುತ್ತದೆ. ಭಕ್ತಿಯ ಜಾಗದಲ್ಲಿ ಮೊಬೈಲ್ ಯಾಕೆ ಎಂದು ಗೊಣಗುವವರಿದ್ದಾರೆ. ಆ ತಾಯಿಯನ್ನು ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ದುಡಿಮೆಗೆಂದು ಪುಣೆ, ಮುಂಬೈ ಹಿಡಿದ ಮಕ್ಕಳಿರುವ ಸೀಮೆ ಇದು. ಜಾತ್ರೆಗೂ ಬರಲಾಗದ ಮಗನನ್ನು ಅವಳು ಗದ್ದುಗೆಯ ಮುಂದೆ ತಂದು ನಿಲ್ಲಿಸಿದ್ದಾಳೆ.

ಮಠದಿಂದ ಊರೊಳಗೆ ನಡೆದೆ. ತೊಗರಿ ರಾಶಿ ಮುಗಿದ ದಿನಗಳು. ಮನೆಗಳ ಪಕ್ಕದಲ್ಲಿ ಒಲೆಗೆಂದು ಒಟ್ಟಿದ ತೊಗರಿ ಕಟ್ಟಿಗೆ, ಮಾಳಿಗೆಗಳ ಮೇಲೆ ಡಿಶ್ ಛತ್ರಿ. ಒಂದೆರಡು ಮನೆಯ ಮೇಲೆ ಹಳೆಯ ಆ್ಯಂಟೆನಾದ ಕಡ್ಡಿಗಳು ಬಾಗಿಕೊಂಡು ಇನ್ನೂ ಉಳಿದಿವೆ. ಬೇವಿನ ಗಿಡದ ಕಟ್ಟೆಯ ಮೇಲೆ ಧೋತರ ಉಟ್ಟ ಹಿರಿಯರೊಬ್ಬರು ಕೂತಿದ್ದರು. ಅವರ ಮಗ್ಗುಲಲ್ಲಿ ಮೊಮ್ಮಗ, ಕಿವಿಯೊಳಗೆ ಬಿಳಿ ಇಯರ್‌ಫೋನ್. ಮಾತು ರೇಡಿಯೊದಿಂದ ಶುರುವಾಯಿತು.

"ರೇಡಿಯೊ ಇಟ್ಕೊಳ್ಳಾಕೂ ಲೈಸೆನ್ಸ್ ಬೇಕಿತ್ತು ನೋಡ್ರಿ," ಅಂದರು. ಮೊಮ್ಮಗ ಇಯರ್‌ಫೋನ್ ತೆಗೆದು, ನಂಬದವನಂತೆ ಮುತ್ಯಾನ ಮುಖ ನೋಡಿದ. ಮಾತು ಖರೇ. ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಹಣ ಕಟ್ಟಿ, ಪುಸ್ತಕಕ್ಕೆ ಸ್ಟ್ಯಾಂಪು ಹಚ್ಚಿಸಿಕೊಂಡು ಬರಬೇಕಿತ್ತು. ಗುಲಬರ್ಗಾ ಆಕಾಶವಾಣಿ 1966ರಲ್ಲಿ ಶುರುವಾದ ಮೇಲೆ ಈ ಸೀಮೆಯ ಮಾತು, ಈ ಸೀಮೆಯ ಪದ ಪೆಟ್ಟಿಗೆಯೊಳಗಿಂದ ಬಂತು. ರೇಡಿಯೊ ಇದ್ದ ಮನೆಯ ಪಡಸಾಲೆ ಸಂಜೆ ಊರ ಪಡಸಾಲೆಯಾಗುತ್ತಿತ್ತು. ಧಾರಣಿ ಎಷ್ಟು, ಮಳೆ ಯಾವಾಗ ಎಂದು ಒಬ್ಬ ಕೇಳಿಸಿಕೊಂಡರೆ ನಾಲ್ಕು ಹೊಲಗಳಿಗೆ ಸುದ್ದಿ ಮುಟ್ಟುತ್ತಿತ್ತು.

"ಟಿವಿ ಮೊದಲ ಎಲ್ಲಿ ನೋಡಿದ್ರಿ?" ಎಂದು ಕೇಳಿದೆ.

"ಸಾಲ್ಯಾಗ್ರಿ. ನಮ್ಮ ಸೋದರಮಾವನ ಊರಾಗ. ಸಾಲಿ ಮ್ಯಾಲ ದೊಡ್ಡ ಜಾಳಗಿ ಛತ್ರಿ ಕುಂದ್ರಿಸಿದ್ರು. ಸಂಜಿಗಿ ಊಟ ಬಿಟ್ಟು ಓಡತಿದ್ವಿ."

ಈ ಜಾಳಗಿ ಛತ್ರಿಯ ಕಥೆಯನ್ನು ಕಲ್ಯಾಣ ಕರ್ನಾಟಕದ ಹುಡುಗರಿಗೆ ಯಾರಾದರೂ ಹೇಳಲೇಬೇಕು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕನ್ನಡ ಮಾತಾಡುವ ಟಿವಿ ಬೆಳಗಿತ್ತು. ಅದರ ಹೆಸರು ಸೈಟ್, ಉಪಗ್ರಹದ ಮೂಲಕ ಶಿಕ್ಷಣ ಕೊಡುವ ಪ್ರಯೋಗ. ವಿಕ್ರಂ ಸಾರಾಭಾಯಿ ಕಂಡ ಕನಸು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಸಾರಾಭಾಯಿ 1971ರಲ್ಲಿ ತೀರಿಕೊಂಡರು, ಪ್ರಯೋಗ ನೋಡಲು ಅವರಿರಲಿಲ್ಲ. ನಾಸಾದ ಎಟಿಎಸ್-6 ಉಪಗ್ರಹವನ್ನು ಅಮೆರಿಕದ ಆಕಾಶದಿಂದ ಸರಿಸಿ, ಆಫ್ರಿಕಾದ ವಿಕ್ಟೋರಿಯಾ ಸರೋವರದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಿದರು. ಅಹಮದಾಬಾದಿನಿಂದ ಮೇಲೆ ಹೋದ ಚಿತ್ರ ಅಲ್ಲಿಂದ ನೇರವಾಗಿ ಹಳ್ಳಿಗೆ ಇಳಿಯುತ್ತಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ಪ್ರತಿ ಹಳ್ಳಿಗೆ ಒಂದು ಟಿವಿ, ಹತ್ತು ಅಡಿ ಅಗಲದ ತಂತಿಜಾಳಿಗೆಯ ಛತ್ರಿ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಒಂದೇ ಚಿತ್ರಕ್ಕೆ ಎರಡು ಧ್ವನಿ ಹೊರುವ ಶಕ್ತಿ ಆ ಉಪಗ್ರಹಕ್ಕಿತ್ತು.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ದಿನಕ್ಕೆ ಒಟ್ಟು ನಾಲ್ಕು ತಾಸು ಪ್ರಸಾರ, ಆದರೆ ಅದು ಎಲ್ಲ ಭಾಷೆಗಳಿಗೂ ಹಂಚಿಹೋಗಬೇಕು. ಹೀಗಾಗಿ ಬೆಳಗಿನ ಪಾಠದಲ್ಲಿ ಒಂದು ಭಾಷೆಯ ಪಾಲಿಗೆ ಬರುತ್ತಿದ್ದುದು 22 ನಿಮಿಷದಷ್ಟು ಮಾತ್ರ. ಸಂಜೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು ಕುಣಿತ. ಓದು ಬಾರದವರಿಗೆ, ಹೆಂಗಸರಿಗೆ ಇದರಿಂದ ತಿಳಿವಳಿಕೆ ಹೆಚ್ಚಿತೆಂದು ಆಮೇಲಿನ ಅಧ್ಯಯನಗಳು ಹೇಳಿದವು. ನನಗೆ ಆ ಪ್ರಯೋಗದ ದೊಡ್ಡ ಮಾತು ಇದೇ. ಪುಸ್ತಕ ಮುಟ್ಟಲಾಗದವರ ಹತ್ತಿರ ತಾನಾಗಿ ಹೋದ ಮೊದಲ ಮಾಧ್ಯಮಗಳಲ್ಲಿ ಅದು ಒಂದು.

"ಹೆಂಗಸರೂ ಬರ್ತಿದ್ರೇನು?" ಅಂದೆ.

"ಬರ್ತಿದ್ರು. ಹಿಂದ ಬ್ಯಾರೆ ಕೂಡ್ತಿದ್ರು. ಕೇರಿ ಮಂದಿ ಇನ್ನೂ ಹಿಂದ." ಅವರು ಸ್ವಲ್ಪ ಹೊತ್ತು ಸುಮ್ಮನಾದರು. "ಟಿವಿ ಒಂದೇ ಇತ್ತು. ಕುಂದ್ರೋದು ಒಂದ ಇರಲಿಲ್ರಿ."

ಹಳೆಯ ಕಾಲ ಕೂಡಿ ನೋಡಿತು, ಹೊಸ ಕಾಲ ಒಬ್ಬೊಬ್ಬರೇ ನೋಡುತ್ತದೆ ಎಂದು ಬರೆಯಲು ಬಂದವರು ಈ ಮಾತನ್ನೂ ಬರೆದುಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಕೂತು ನೋಡಿದವರ ಮೊಮ್ಮಗನ ಕೈಯಲ್ಲಿ ಇವತ್ತು ತನ್ನದೇ ಪರದೆ ಇದೆ. ಅವನನ್ನು ಹಿಂದೆ ಸರಿ ಅನ್ನುವವರು ಅಲ್ಲಿಲ್ಲ. ಇದು ಸಣ್ಣ ಬದಲಾವಣೆಯಲ್ಲ.

1976ರ ಜುಲೈ 31ಕ್ಕೆ ವರ್ಷದ ಕರಾರು ಮುಗಿಯಿತು. ಉಪಗ್ರಹ ಅಮೆರಿಕದ ಕಡೆಗೆ ಹೊರಳಿತು. ಮರುವರ್ಷ, 1977ರಲ್ಲಿ, ಗುಲಬರ್ಗಾದಲ್ಲೇ ದೂರದರ್ಶನ ಕೇಂದ್ರ ತೆರೆದು ನೆಲದ ಮೇಲಿನ ಟ್ರಾನ್ಸ್‌ಮಿಟರಿನಿಂದ ಪ್ರಸಾರ ಮುಂದುವರಿಯಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಎಂಬತ್ತರ ದಶಕದ ಕೊನೆಗೆ ರವಿವಾರ ಬೆಳಿಗ್ಗೆ ರಾಮಾಯಣ, 1994ರಲ್ಲಿ ಉದಯ ಟಿವಿ, ಆಮೇಲೆ ಕೇಬಲ್, ಡಿಶ್. ಶಾಲೆಯಲ್ಲಿದ್ದ ಟಿವಿ ಸಾಹುಕಾರರ ಮನೆಗೆ ಬಂತು, ಅಲ್ಲಿಂದ ಎಲ್ಲರ ಮನೆಗೆ. ಜಿಯೋ ಬಂದ 2016ರ ನಂತರ ಮನೆಯಿಂದ ಕಿಸೆಗೆ.

ಮೊಮ್ಮಗ ಇದನ್ನೆಲ್ಲ ಕೇಳುತ್ತ ಕೂತಿದ್ದವನು ತನ್ನ ಮೊಬೈಲ್ ನನ್ನ ಮುಂದೆ ಹಿಡಿದ. ಭಜನಿ ಮೇಳದ ವಿಡಿಯೊ. ರಾತ್ರಿ, ಟ್ಯೂಬ್‌ಲೈಟಿನ ಕೆಳಗೆ ಹಾರ್ಮೋನಿಯಂ, ದಮ್ಮಡಿ, ತಾಳ. ಹಾಡುವವರ ನಡುವೆ ಮುತ್ಯಾ! ಶೂಟಿಂಗ್ ಮಾಡಿದವನು ಇವನೇ, ಯೂಟ್ಯೂಬಿಗೆ ಹಾಕಿದವನೂ ಇವನೇ. "ಮುತ್ಯಾಗ ಹೆಂಗ ಹಾಡಬೇಕು ಗೊತ್ತದ. ಮೈಕ್ ಎಲ್ಲಿಡಬೇಕು ಗೊತ್ತಿಲ್ಲ. ಅದನ್ನ ನಾ ನೋಡ್ಕೋತೀನಿ," ಅಂದ.

ಜೇವರ್ಗಿ ಕಡೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಈ ಸೀಮೆಯ ಭಜನಿ ಮೇಳಗಳ ಉಸಿರು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು. ಜಾತಿ ಧರ್ಮದ ಗಡಿ ದಾಟಿ ಬಾಯಿಂದ ಬಾಯಿಗೆ ಬಂದ ಪದಗಳವು. ಕೈಬರಹದ ವಹಿಗಳಲ್ಲಿ ಉಳಿದವು, ಕ್ಯಾಸೆಟ್ಟಿಗೆ ಬಂದವು, ಈಗ ಮೊಬೈಲಿಗೆ ಬಂದಿವೆ. ಕ್ಯಾಸೆಟ್ ಕಾಲದಲ್ಲಿ ಯಾರ ದನಿ ಮುದ್ರಿಸಬೇಕೆಂದು ಕಂಪನಿಯವರು ತೀರ್ಮಾನಿಸುತ್ತಿದ್ದರು. ಸೈಟ್ ಕಾಲದಲ್ಲಿ ಹೈದರಾಬಾದಿನಲ್ಲಿ ಕೂತವರು. ಈಗ ಬೇವಿನ ಕಟ್ಟೆಯ ಮೇಲೆ ಕೂತ ಹುಡುಗ ತನ್ನ ಮುತ್ಯಾನ ದನಿಯೇ ಸಾಕೆಂದು ತೀರ್ಮಾನಿಸಿದ್ದಾನೆ. ಮೊಬೈಲ್ ಹುಡುಗರನ್ನು ಕೆಡಿಸಿತು ಎನ್ನುವ ಹಿರಿಯರು ಇಂಥ ಒಂದು ವಿಡಿಯೊವನ್ನಾದರೂ ಪೂರಾ ನೋಡಲಿ ಎಂದು ನನ್ನ ಆಸೆ. ಆದರೆ ಭಜನಿಯ ಕೆಳಗೇ ಬೆಟ್ಟಿಂಗ್ ಆಟದ ಜಾಹೀರಾತೂ ಓಡುತ್ತದೆ. ಅದನ್ನು ಕಂಡು ಮುತ್ಯಾ ಮುಖ ತಿರುಗಿಸಿದ್ದನ್ನೂ ನೋಡಿದೆ. ಅವರ ಸಿಟ್ಟಿಗೂ ಕಾರಣವಿದೆ.

ಊರ ತುದಿಯ ಓಣಿಯಲ್ಲಿ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದ ಹುಡುಗಿಯನ್ನು ಮಾತಾಡಿಸಿದೆ. ಪಿಯುಸಿ ಓದುತ್ತಿದ್ದಾಳೆ. ಅವಳ ಆಯಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಮಾತು ಕೊರೊನಾ ಕಾಲಕ್ಕೆ ಹೋಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಸರ್ಕಾರ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳನ್ನು ಶುರು ಮಾಡಿತು. ವಿದ್ಯಾಗಮ ಎಂದು ಮಾಸ್ತರರು ಗುಡಿಯ ಪಡಸಾಲೆಗೆ, ಗಿಡದ ನೆರಳಿಗೆ ಬಂದು ಕಲಿಸಿದರು. ನಲವತ್ತೈದು ವರ್ಷಗಳ ನಂತರ ಈ ಜಿಲ್ಲೆಯ ಮಕ್ಕಳು ಪಾಠಕ್ಕಾಗಿ ಮತ್ತೆ ಟಿವಿ ಎದುರು ಕೂತರು. 1975ರಲ್ಲಿ ಟಿವಿ ಜೊತೆ ಮಾಸ್ತರರೂ ಇದ್ದರು. ಅವರಿಗಾಗಿಯೇ ವಿಜ್ಞಾನದ ತರಬೇತಿಯೂ ಅದೇ ಪರದೆಯ ಮೇಲೆ ನಡೆದಿತ್ತು. 2020ರಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ಮಾತ್ರ ಇತ್ತು, ಕೇಳಿದ್ದು ತಿಳಿಯದಿದ್ದರೆ ಕೇಳಲು ಯಾರೂ ಇರಲಿಲ್ಲ.

"ಈಗ ಓದ್ಲಾಕ ಮೊಬೈಲ್ ಅದ ಏನವ್ವ?"

"ಅಪ್ಪಾಂದು ಅದರಿ. ಅವರು ಹೊಲದಿಂದ ಬಂದ ಮ್ಯಾಲ. ಅಣ್ಣ ಇಸ್ಕೊಂಡ್ರ ಇಲ್ಲ."

ಅಣ್ಣನಿಗೆ ಸ್ವಂತ ಮೊಬೈಲ್ ಇದೆ. ಅದರಲ್ಲಿ ಡೇಟಾ ಮುಗಿದಾಗ ಅಪ್ಪನದನ್ನೂ ಕೇಳುತ್ತಾನೆ. ತಲೆಮಾರುಗಳ ನಡುವಿನ ಅಂತರ ಎಂದು ನಾವು ಮಾತಾಡುತ್ತೇವೆ. ಒಂದೇ ತಲೆಮಾರಿನ, ಒಂದೇ ಮನೆಯ ಅಣ್ಣ ತಂಗಿಯರ ನಡುವೆ ಇರುವ ಈ ಅಂತರವನ್ನು ಅಷ್ಟಾಗಿ ಮಾತಾಡುವುದಿಲ್ಲ. ಸೈಟ್ ಕಾಲದಲ್ಲಿ ಅವಳ ಆಯಿಯ ವಾರಗೆಯವರು ಹಿಂದಿನ ಸಾಲಿನಲ್ಲಾದರೂ ಕೂತು ಹೊತ್ತಿಗೆ ಸರಿಯಾಗಿ ನೋಡಿದರು. ಇವಳು ಪರದೆಗಾಗಿ ಅಪ್ಪ ಹೊಲದಿಂದ ಬರುವ ದಾರಿ ಕಾಯುತ್ತಾಳೆ.

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಿದ್ದಾರೆ. ಕಂಪ್ಯೂಟರ್, ಇಂಟರ್ನೆಟ್ ಕೊಡುವ ಕೆಲಸ ನಡೆದಿದೆ. ಊರಿಗೆ ಸೇರಿದ ಪರದೆ ಎಂದರೆ ಇಂದು ಅದೇ. ಹಳ್ಳಿಗೊಂದು ಟಿವಿ ಕೊಟ್ಟಾಗ ಅದನ್ನು ಹಚ್ಚುವ, ಆರಿಸುವ, ಬೀಗ ಹಾಕುವ ಹೊಣೆಗೆ ಊರಲ್ಲೊಬ್ಬರನ್ನು ನೇಮಿಸಿದ್ದರು. ಅರಿವು ಕೇಂದ್ರಗಳಿಗೂ ಅಂಥ ಒಬ್ಬರು ಬೇಕು, ಸಂಜೆ ಎರಡು ತಾಸು ಹುಡುಗಿಯರಿಗೇ ಮೀಸಲಾದ ಹೊತ್ತು ಬೇಕು. ಇದನ್ನು ಆ ಹುಡುಗಿಗೆ ಹೇಳಿದೆ.

"ಸಂಜಿಗಿ ಅಂದ್ರ ಎಷ್ಟರ ತನ?" ಎಂದು ಅವಳು ಕೇಳುವಷ್ಟರಲ್ಲಿ ಒಳಗಿನಿಂದ ಆಯಿ ಉತ್ತರ ಕೊಟ್ಟರು: "ಎಂಟರ ತನ ಇರಲಿ. ನಾನೂ ಜೋಡಿ ಬರ್ತೀನಿ."

ಆಳಂದದ ಬಸ್ಸಿಗೆ ಇನ್ನೂ ಹೊತ್ತಿತ್ತು. ಆಯಿ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ ಕೊಟ್ಟು, ಪಂಚಾಯಿತಿಯಲ್ಲಿ ಇದನ್ನು ಯಾರ ಹತ್ತಿರ ಕೇಳಬೇಕು ಎಂದು ವಿಚಾರಿಸತೊಡಗಿದರು.